ಶೇಕಡಾ ಎಂಬತ್ತು ಅಂಗವಿಕಲ ಕಬಡ್ಡಿ ಮಾಸ್ತರ

ಸಾಂಗಲಿಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಕಬಡ್ಡಿ ಕಲಿಸಿದ ದಿಗಂಬರ ಖೋತ ಮಾಸ್ತರರಿಗೆ ಐವತ್ತೇಳರಲ್ಲೂ ದಿನಕ್ಕೆ ನೂರು ಬೈಠಕ್, ಅಂದರೆ ಬಸ್ಕಿ, ಹೊಡೆಯದಿದ್ದರೆ ಊಟ ಸೇರುತ್ತಿರಲಿಲ್ಲ. ಆದಾಯ ತೆರಿಗೆಯ ಕಾಗದದಲ್ಲಿ ಮಾತ್ರ ಅವರು ಶೇಕಡಾ ಎಂಬತ್ತು ಅಂಗವಿಕಲರು.

ಈ ಪವಾಡ ಮಾಡಿದವರು ಗಣಿತದ ಪೇಟಕರ ಮಾಸ್ತರರು. ಹನ್ನೊಂದು ಜನ ಶಿಕ್ಷಕರ ರಿಟರ್ನ್ ಅವರೇ ತುಂಬುವುದು ಅಲ್ಲಿನ ಪದ್ಧತಿ. ಜುಲೈಯಲ್ಲಿ ಪಾಸ್‌ವರ್ಡಿನ ಚೀಟಿ ಕೊಟ್ಟರೆ, ಆಗಸ್ಟಿನಲ್ಲಿ ಕಡಿತವಾದ ತೆರಿಗೆ ವಾಪಸು. ಪೇಟಕರರಿಗೆ ಹತ್ತರಲ್ಲೊಂದು ಪಾಲು. ಹೇಗೆ ಬಂತೆಂದು ಕೇಳುವುದು ಅಸಭ್ಯತನ. ಲೆಕ್ಕದ ಹಂತ ಬಿಡದೆ ಬರೆಯಿರಿ ಎಂದು ಬೆತ್ತ ತೋರಿಸುವುದು ಮಕ್ಕಳಿಗೆ ಮಾತ್ರ.

ಡಿಸೆಂಬರಿನಲ್ಲಿ ಖೋತರ ಮೊಬೈಲಿಗೆ ತೆರಿಗೆ ಇಲಾಖೆಯ ಸಂದೇಶ ಬಂತು: ನಿಮ್ಮ ರಿಟರ್ನ್ ಮತ್ತೊಮ್ಮೆ ನೋಡಿ, ತಪ್ಪಿದ್ದರೆ ಮೂವತ್ತೊಂದರೊಳಗೆ ತಿದ್ದಿ. ಖೋತರು ಅದನ್ನು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವ ಮಂದಾಳ ಮುಂದೆ ಹಿಡಿದರು. ಪೋಲಿಯೊದಿಂದ ಬಲಗಾಲು ಸೋತ ಮಂದಾ ಕಂಪ್ಯೂಟರ್ ತೆರೆದು ನಕ್ಕಳು.

“ಸರ, ಶಾಲ್ಯಾಗ ಕಾಲಿಲ್ಲದಾಕಿ ನಾನೊಬ್ಬಾಕಿ ಅನ್ಕೊಂಡಿದ್ದೆ. ಇಲ್ಲಿ ನೋಡಿದ್ರ ನಿಮ್ಮದು ನನಗಿಂತ ಜಾಸ್ತಿ ಐತಿ!”

“ನಿನಗ ಅಂಗವಿಕಲರ ವಿನಾಯಿತಿ ಎಷ್ಟು ಬಂತು?”

“ಸೊನ್ನಿ. ಸರ್ಟಿಫಿಕೇಟ್ ಎಲ್ಲೈತ್ರಿ? ಸರ್ಕಾರಿ ದವಾಖಾನ್ಯಾಗ ಅದನ್ನ ಕೊಡೋ ಖೋಲಿ ಎರಡನೇ ಮಾಳಿಗಿ ಮ್ಯಾಲ. ಲಿಫ್ಟ್ ಕೆಟ್ಟು ನಾಕು ವರ್ಷ ಆತು.”

ಎಂಥ ಏರ್ಪಾಡು! ನಡೆಯಲಾಗದವಳು ಎರಡು ಮಾಳಿಗೆ ಹತ್ತಿ, ನಡೆಯಲಾಗದೆಂದು ಹೇಳಬೇಕು. ಬೈಠಕ್ ಹೊಡೆಯುವವನಿಗೆ ಕೂತಲ್ಲೇ ಸಿಗುತ್ತದೆ.

ಖೋತರು ತಿದ್ದುತ್ತಾರಂತೆ ಎಂಬ ಸುದ್ದಿ ಚಹಾದ ಹೊತ್ತಿಗೆ ಪೇಟಕರರನ್ನು ಮುಟ್ಟಿತು.

“ಖೋತ್ಯಾ, ನೀ ಒಬ್ಬ ತಿದ್ದಿದ್ರ ಉಳಿದ ಹತ್ತು ಮಂದಿ ಮ್ಯಾಲ ಅವರ ಕಣ್ಣು ಬೀಳ್ತೈತಿ. ಏಪ್ರಿಲ್‌ನ್ಯಾಗ ನಿನ್ನ ನಿವೃತ್ತಿ. ಕೊಲ್ಹಾಪುರಿ ಫೇಟಾ, ಶಾಲು, ತೆರೆದ ಜೀಪಿನ್ಯಾಗ ಮೆರವಣಿಗಿ, ಎಲ್ಲಾ ಮಾತಾಡೇವಿ. ಬೇಕೋ ಬ್ಯಾಡೋ ಹೇಳಿಬಿಡು.”

ಬೇಕಿತ್ತು. ಆ ಫೇಟಾ ತಲೆಗೆ ಹೇಗೆ ಒಪ್ಪೀತೆಂದು ಕನ್ನಡಿಯೆದುರು ಟವೆಲ್ ಸುತ್ತಿ ಎಷ್ಟೋ ಸಲ ನೋಡಿಕೊಂಡಿದ್ದರು. ಎರಡು ವಾರ ಒದ್ದಾಡಿದರು. ಮಂದಾಳ ಸೊನ್ನೆ ಮಾತ್ರ ತಲೆಯಿಂದ ಇಳಿಯಲಿಲ್ಲ. ಮೂವತ್ತರಂದು ಅವಳ ಮೇಜಿನೆದುರು ಕೂತು “ತಿದ್ದವ್ವ” ಎಂದರು. ಸುಳ್ಳು ವಿನಾಯಿತಿ ತೆಗೆದು, ಬಂದ ಹಣವನ್ನು ಬಡ್ಡಿಸಮೇತ ಕಟ್ಟಿ, ಹೊಸದಾಗಿ ಸಲ್ಲಿಸಿದ್ದಾಯಿತು.

“ಗುಣ ಆತ್ರಿ ಸರ!” ಮಂದಾ ಚಪ್ಪಾಳೆ ತಟ್ಟಿದಳು. “ಯಾ ಡಾಕ್ಟರ್ ಕೈಲಿ ಆಗ್ತಿತ್ರಿ ಇದು?”

ಏಪ್ರಿಲ್ ಬಂತು, ಫೇಟಾ ಬರಲಿಲ್ಲ. ಬೀಳ್ಕೊಡುಗೆಯ ದಿನ ಕಾಗದದ ಮೇಲಿನ ಉಳಿದ ಹತ್ತು ಗಟ್ಟಿಮುಟ್ಟಾದ ಅಂಗವಿಕಲರೂ ರಜೆ ಹಾಕಿ ಬೆಟ್ಟ ಹತ್ತಲು ಹೋದರು. ಖೋತರು ಮಂದಾಳನ್ನು ಕರೆದುಕೊಂಡು ದವಾಖಾನೆಗೆ ಹೋದರು. ಲಿಫ್ಟ್ ಕೆಟ್ಟೇ ಇತ್ತು. ಅವಳನ್ನು ಕೆಳಗೆ ಬೆಂಚಿನ ಮೇಲೆ ಕೂಡಿಸಿ, ಎರಡೆರಡು ಮೆಟ್ಟಿಲು ಹಾರಿ ಮೇಲೇರಿ, ಮೈದಾನದ ದನಿಯಲ್ಲಿ ಗದರಿ ಡಾಕ್ಟರರನ್ನೇ ಕೆಳಗಿಳಿಸಿ ತಂದರು.

ಡಾಕ್ಟರ್ ಏದುಸಿರು ಬಿಡುತ್ತ ಕೇಳಿದರು: “ಇಷ್ಟು ಒದರ್ತೀರಲ್ಲ, ಅಂಗವಿಕಲರು ಯಾರು? ನೀವೇನು?”

“ಡಿಸೆಂಬರ್ ತನಕ ನಾನಿದ್ದೆ ಸಾಹೇಬ್ರ. ಈಗ ಇಕಿನ್ನ ನೋಡ್ರಿ.”