ಹಣ್ಣಿನ ಕೋಣೆಯ ಬಾಗಿಲು

ಮೊನ್ನೆ ಮಗಳು ಕಮಲಾಪುರದಿಂದ ಒಂದು ಗೊನೆ ಕೆಂಪು ಬಾಳೆಕಾಯಿ ತಂದು ಪಡಸಾಲೆಯಲ್ಲಿ ಇಳಿಸಿದಳು. ಇನ್ನೂ ಹಣ್ಣಾಗಿರಲಿಲ್ಲ. ಆದರೆ ಸುತ್ತಿದ್ದ ಒಣ ಎಲೆ ಬಿಚ್ಚಿದ್ದೇ ತಡ, ಹುಲ್ಲು, ಹೊಗೆ, ಸಿಹಿ ಮೂರೂ ಕಲೆತ ವಾಸನೆ ಎದ್ದು ಬಂತು.

“ಯಾಕವ್ವಾ, ಕಣ್ಣಾಗ ನೀರ್ ಬಂತಲ್ಲ?” ಎಂದಳು.

“ಹೊಗಿ” ಎಂದೆ. ಮನೆಯಲ್ಲಿ ಆಗ ಒಲೆಯೇ ಹೊತ್ತಿರಲಿಲ್ಲ.

ನನಗೆ ನೆನಪಾದವನು ಬಾಳೆಹಣ್ಣಿನ ಕಾಕಾ. ನಮಗೆ ರಕ್ತಸಂಬಂಧಿ ಏನಲ್ಲ. ಕಮಲಾಪುರದಲ್ಲಿ ಬಾಳೆಯ ತೋಟ ಇಟ್ಟುಕೊಂಡಿದ್ದ, ಗೊನೆಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಇಲ್ಲಿಗೆ ತಂದು ಮಾರುತ್ತಿದ್ದ. ತಲೆಗೆ ಸುತ್ತಿದ ಕೆಂಪು ಪಟಗ, ಮೊಣಕಾಲವರೆಗಿನ ಧೋತ್ರ, ಮಾತಿಗೊಮ್ಮೆ ನಗು... ಮತ್ತು ನಮ್ಮ ಮನೆಯ ಕಾಗದ ಅವನ ಪೆಟ್ಟಿಗೆಯಲ್ಲಿತ್ತು.

ಅದು ನಿಜಾಮರ ಕಾಲ. ಶಹಾಬಜಾರದ ಈ ಮನೆ ನನ್ನ ತವರು, ಇದ್ದದ್ದೇ ಮೂರು ಭಾಗ: ಪಡಸಾಲೆ, ಒಳಗಿನ ಕತ್ತಲೆ ಕೋಣೆ, ಅಡುಗೆಮನೆ. ಅಪ್ಪನ ಬೇನೆಗೆಂದು ಅವ್ವ ಕಾಕಾನ ಹತ್ತಿರ ಸಾಲ ತಂದು ಕತ್ತಲೆ ಕೋಣೆಯನ್ನು ಅಡವು ಬರೆದುಕೊಟ್ಟಿದ್ದಳು. ಬಡ್ಡಿ ಇಲ್ಲ, ಅಸಲು ತೀರುವ ತನಕ ಕೋಣೆಯ ಬಳಕೆ ಅವನದು. ಮತ್ತೆ ಸಾಲ ಬೇಕೆಂದರೆ ಮತ್ತೊಂದು ಭಾಗ ಬರೆದುಕೊಡಬೇಕು. ಆಗ ಹಾಗೇ ನಡೆಯುತ್ತಿತ್ತು. ಅಪ್ಪ ಉಳಿಯಲಿಲ್ಲ, ಸಾಲ ಉಳಿಯಿತು.

ಆ ಕೋಣೆಯಲ್ಲಿ ಕಾಕಾ ಹಣ್ಣು ಮಾಗಿಸುತ್ತಿದ್ದ. ಹುಲ್ಲು ಹಾಸಿ ಗೊನೆ ಜೋಡಿಸಿ, ಗಡಿಗೆಯಲ್ಲಿ ಹೊಗೆಯಿಟ್ಟು, ಬಾಗಿಲು ಮುಚ್ಚಿ ಸಂದಿಗೆಲ್ಲ ಸಗಣಿ ಮೆತ್ತುತ್ತಿದ್ದ. ಮೂರು ದಿನ ತೆಗೆಯುವ ಹಾಗಿಲ್ಲ. ನಡುವೆ ಗಾಳಿ ಹೊಕ್ಕರೆ ಕಾವು ಹೋಗಿ ಸಿಪ್ಪೆ ಕಪ್ಪಗಾಗುತ್ತಿತ್ತು, ಒಳಗೆ ಕಾಯಿ ಕಾಯಿಯಾಗಿಯೇ ಉಳಿಯುತ್ತಿತ್ತು.

ಹಣ್ಣಿಗೆ ಒಗ್ಗುವ ಕೋಣೆ ಬಾಣಂತಿಗೂ ಒಗ್ಗುತ್ತದೆ, ನೋಡಿ. ಗಾಳಿ ಸುಳಿಯಬಾರದು, ಬೆಚ್ಚಗಿರಬೇಕು. ನಾನು ಹುಟ್ಟಿದ್ದು ಅಲ್ಲೇ, ನನ್ನ ಅಪ್ಪ ಹುಟ್ಟಿದ್ದೂ ಅಲ್ಲೇ. ನನ್ನ ಚೊಚ್ಚಲ ಹೆರಿಗೆಯೂ ಅಲ್ಲೇ ಆಗಬೇಕಿತ್ತು. ಆದರೆ ಆ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದ, ಕೋಣೆ ಅಡವಿಗೆ ಹೋಗಿತ್ತು, ಅವ್ವನಿಗೆ ನನ್ನನ್ನು ಕರೆಸಿಕೊಳ್ಳಲು ಆಗಲಿಲ್ಲ. ಕಮಲಾಪುರದ ಅತ್ತೆಯ ಮನೆಯಲ್ಲಿ, ದನ ಕಟ್ಟುವ ಕಡೆ ಒಂದು ಗೋಣಿತಟ್ಟು ಮರೆ ಕಟ್ಟಿ ಮಲಗಿಸಿದರು. ಚಳಿಗಾಲ. ಕೂಸು ಮೂರು ದಿನ ಇತ್ತು...

ಎರಡನೆಯ ಸಲ ಬಸುರಾದಾಗ ನಾನು ಹಟ ಹಿಡಿದೆ. ಹೆತ್ತರೆ ತವರಲ್ಲೇ ಹೆರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. ‘ಇಲ್ಲದಿದ್ದರೆ ಇಲ್ಲ’ ಅಂದರೆ ಏನರ್ಥ ಎಂದು ಅತ್ತೆ ಕೇಳಿದರು. ನನಗೇನು ಗೊತ್ತು, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು! ಏಳು ತಿಂಗಳಿಗೆ ಕಾಕಾನ ಚಕ್ಕಡಿಯಲ್ಲೇ ಹುಲ್ಲು ಹಾಸಿ ನನ್ನನ್ನು ಕೂರಿಸಿ ಕಳಿಸಿದರು. ದಾರಿಯುದ್ದಕ್ಕೂ ಅವನು ಎತ್ತುಗಳನ್ನು ಓಡಿಸಲಿಲ್ಲ. ನಡುನಡುವೆ ತಿರುಗಿ ನೋಡಿ, “ಏನ್ ಮಗಳ, ಗೊನಿ ನಡುವ ನೀನೂ ಒಂದು ಗೊನಿ ಆಗಿ ಕುಂತೀಯಲ್ಲ!” ಎಂದು ನಗಿಸಿದ.

ಮನೆ ಮುಟ್ಟಿ ಗೊನೆ ಇಳಿಸಿದ ಮೇಲೆ ಅವ್ವ ಅವನಿಗೆ ಎಂದಿನಂತೆ ಮಜ್ಜಿಗೆ ಕೊಟ್ಟಳು. ಸೆರಗು ಸರಿಮಾಡಿಕೊಂಡು ಮಾತು ತೆಗೆದಳು.

“ಅಣ್ಣಾರ, ಇನ್ನೊಂದು ಐವತ್ತು ರೂಪಾಯಿ ಬೇಕಾಗ್ಯಾವ್ರಿ. ಹಿಂದಿನ ಓಣ್ಯಾಗ ಒಂದು ಕ್ವಾಣಿ ಬಾಡಿಗಿಗಿ ಹಿಡೀತೀನಿ, ಬಾಣಂತನ ಮುಗೀತನಕ. ಅಡಗಿಮನಿ ಬರಕೊಡ್ತೀನ್ರಿ.”

“ಅಡಗಿ ಎಲ್ಲಿ ಮಾಡ್ತೀರಿ?”

“ಹಿತ್ತಲದಾಗ ಮೂರು ಕಲ್ಲು ಇಟ್ಟರ ಆಯ್ತು.”

ಕಾಕಾ ಅಡುಗೆಮನೆಯ ಕಡೆ ನೋಡಿದ. ಒಲೆ, ಎರಡು ಕೊಡ, ದೇವರ ಜಗಲಿ. ಲೋಟ ಕೆಳಗಿಟ್ಟ.

“ಇಲ್ಲಕ್ಕಾ. ಈ ಮನಿ ಮ್ಯಾಲ ಇನ್ನ ಒಂದು ಪೈಸಾನೂ ಕೊಡಂಗಿಲ್ಲ.”

“ನಮ್ಮ ಮ್ಯಾಲ ನಂಬಿಗಿ ಇಲ್ಲೇನ್ರಿ?”

“ನಂಬಿಗಿ ಮಾತಲ್ಲ ಅದು” ಎಂದವನೇ ಎದ್ದು ಕೋಣೆಗೆ ಹೋಗಿ ಹೊಗೆಯಿಟ್ಟ, ಬಾಗಿಲಿಗೆ ಸಗಣಿ ಮೆತ್ತಿದ. ಮೂರನೆಯ ದಿನ ಬರುತ್ತೇನೆ ಎಂದು ಹೊರಟೇ ಹೋದ. ಅವ್ವ ಲೋಟ ತೊಳೆಯುತ್ತ ಅತ್ತಳು.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕೋಣೆ ಇಟ್ಟುಕೊಂಡು, ನಮ್ಮ ಮಜ್ಜಿಗೆ ಕುಡಿದು, ನಮ್ಮ ಕೈಗೇ ಚಿಪ್ಪು ಕೊಟ್ಟನಲ್ಲ! ದಾರಿಯಲ್ಲಿ ನಗಿಸಿದ್ದೆಲ್ಲ ಬರೀ ನಾಟಕ ಅನಿಸಿತು. ಈ ಕೂಸನ್ನೂ ದನದ ಪಕ್ಕ ಹೆರಬೇಕೇನು ಎಂದು ಇಡೀ ದಿನ ಅದೇ ಯೋಚನೆ.

ಮರುದಿನ ಬೆಳಿಗ್ಗೆ ಅವ್ವ ಶರಣಬಸವೇಶ್ವರ ಗುಡಿಗೆ ಹೋದಳು. ನಾನು ಎದ್ದು ಹೋಗಿ ಬಾಗಿಲ ಸಂದಿಯ ಸಗಣಿಯನ್ನೆಲ್ಲ ಕಿತ್ತು, ಎರಡೂ ಕದ ಹಾರುಹೊಡೆದು, ಮೊರ ತಗೊಂಡು ಒಳಗೆ ಗಾಳಿ ಬೀಸಿದೆ. ಹೌದು, ಬೀಸಿದೆ! ಏಳು ತಿಂಗಳ ಬಸುರಿ, ಹೊಟ್ಟೆಯ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಮೊರ. ಈಗ ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಬರುತ್ತದೆ.

ಸ್ವಲ್ಪ ಹೊತ್ತಿಗೆ ಸಿಟ್ಟು ಇಳಿದು ಹೆದರಿಕೆ ಏರಿತು. ಲಗುಬಗೆಯಿಂದ ಕದ ಮುಚ್ಚಿ, ಸಗಣಿ ಕಲೆಸಿ, ಸಂದಿಗೆ ಸಾರಿಸಿದೆ. ಅವ್ವ ಬರುವಷ್ಟರಲ್ಲಿ ಕೈ ತೊಳೆದು ಕೂತಿದ್ದೆ. ಅವಳಿಗೆ ಏನೂ ತಿಳಿಯಲಿಲ್ಲ.

ಮೂರನೆಯ ದಿನ ಕಾಕಾ ಬಂದ. ಬಾಗಿಲ ಮುಂದೆ ನಿಂತವನು ನಿಂತೇ ಇದ್ದ. ಅವನು ಸಗಣಿಯ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತುವವನು. ನಾನು ನೆಲ ಸಾರಿಸುವ ಹಾಗೆ ಅಂಗೈ ಪೂರ್ತಿ ಊರಿ, ಅರ್ಧ ಸುತ್ತು ಎಳೆದು ಸಾರಿಸಿದ್ದೆ. ಐದು ಬೆರಳಿನ ಗೆರೆಗಳು ಒಣಗಿ ಎದ್ದು ಕಾಣುತ್ತಿದ್ದವು. ಅವನು ಆ ಗೆರೆಯ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿದ. ನಾನು ನನ್ನ ಕಾಲುಂಗುರ ನೋಡುತ್ತಿದ್ದೆ.

“ಬಾಗಿಲ ಈ ಸಲ ಭಾಳ ಚಂದ ಸಾರಿಸ್ಯಾರ” ಎಂದ. ಅಷ್ಟೇ.

ಒಳಗೆ ಚಕ್ಕಡಿ ತುಂಬ ಬಂದ ಹಣ್ಣು ಕಪ್ಪಿಟ್ಟು ಕಲ್ಲಾಗಿತ್ತು. ಕೊಳ್ಳಲು ಬಂದ ಬಜಾರದ ವ್ಯಾಪಾರಿ ಒಂದನ್ನು ಹಿಚುಕಿ ನೋಡಿ, “ಕ್ಯಾ ಕಾಕಾ, ಯೆ ಫತ್ತರ್ ಕೌನ್ ಖಾತಾ?” ಎಂದು ಬೈದ. ಈ ಕಲ್ಲನ್ನು ಯಾರು ತಿನ್ನಬೇಕು ಎಂದು ಅವನು ಕೇಳಿದ್ದರಲ್ಲಿ ತಪ್ಪೇನಿತ್ತು?

“ಗಲತಿ ನಂದೇ ಅದ. ಹೊಗಿ ಕಮ್ಮಿ ಬಿತ್ತು” ಎಂದ ಕಾಕಾ.

ವ್ಯಾಪಾರಿ ಹೋದ ಮೇಲೆ ಅವ್ವನನ್ನು ಕರೆದ. “ಅಕ್ಕಾ, ಈ ಕ್ವಾಣ್ಯಾಗ ಕಾವು ಸತ್ತದ. ನಾಕೈದು ತಿಂಗಳು ಖಾಲಿ ಬಿಡಬೇಕು. ಹಣ್ಣು ನಾ ಬ್ಯಾರೆ ಕಡಿ ಇಡ್ತೀನಿ. ಅಲ್ಲೀತನಕ ಬೇಕಾದ್ರ ನಿಮ್ಮ ಮಗಳು ಮಲಗಲಿ.”

ಅವ್ವ ಸೀದಾ ಹೆಂಗಸು. “ಕಾವು ಇಲ್ಲದ ಕ್ವಾಣ್ಯಾಗ ಬಾಣಂತಿ ಮಲಗಸ್ಲೇನ್ರಿ?” ಎಂದುಬಿಟ್ಟಳು.

ಕಾಕಾ ತಬ್ಬಿಬ್ಬಾಗಿ ಪಟಗದೊಳಗೆ ಬೆರಳು ಹಾಕಿ ಕೆರೆದುಕೊಂಡ. “ಅಲ್ಲ... ಹಣ್ಣಿನ ಕಾವು ಬ್ಯಾರೆ, ಬಾಣಂತಿ ಕಾವು ಬ್ಯಾರೆ ಇರ್ತದ ಬಿಡ್ರಿ” ಎಂದ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಒಳಗೆ ಓಡಿದೆ.

ಕಾಕಾ ಹೊರಡುವಾಗ ಅವ್ವ ಹಿತ್ತಲಲ್ಲಿದ್ದಳು. ನಾನು ಮಜ್ಜಿಗೆ ಕೊಟ್ಟೆ. ನಿಂತೇ ಕುಡಿದು ಲೋಟ ನನ್ನ ಕೈಗಿಟ್ಟ. “ಅಡಗಿಮನಿ ನಾ ಬರಸಿಕೊಂಡ್ರ, ಈ ಮನ್ಯಾಗ ನನಗ ಮಜ್ಜಗಿ ಯಾರು ಕೊಡ್ತಾರ, ಮಗಳ?” ಎಂದ.

ಆಗಲೇ ಹೇಳಿಬಿಡಬೇಕಿತ್ತು. ಕಾಕಾ, ಬಾಗಿಲು ತೆಗೆದವಳು ನಾನೇ, ತಪ್ಪಾಯ್ತು... ಇಷ್ಟೇ ಮಾತು. ಬಾಯಿ ಬರಲಿಲ್ಲ.

ಆ ಕೋಣೆಯಲ್ಲೇ ಮಗಳು ಹುಟ್ಟಿದಳು. ಸಾಲ ಸಿಗದೆ ತೊಟ್ಟಿಲ ಶಾಸ್ತ್ರ ಐದು ಜನ ಮುತ್ತೈದೆಯರು ಮತ್ತು ಒಂದು ಬುಟ್ಟಿ ಗುಗ್ಗರಿಯಲ್ಲಿ ಮುಗಿಯಿತು. ಅತ್ತೆ ಮೂಗು ಮುರಿದರು, ಮುರಿಯಲಿ. ಹೊರಗೆ ಚಳಿ ಕೊರೆಯುತ್ತಿತ್ತು, ನನ್ನ ಕೂಸು ಬೆಚ್ಚಗೆ ಮಲಗಿತ್ತು. ನಾಲ್ಕನೆಯ ದಿನ ಬೆಳಗಾದಾಗ ಅದು ಉಸಿರಾಡುವುದನ್ನು ನೋಡಿ ನಾನು ಬಾಯಿಗೆ ಸೆರಗು ಹಿಡಿದು ಅತ್ತೆ. ಕಾಕಾ ನೋಡಲು ಬಂದು ಕೂಸಿನ ತಲೆ ಮೂಸಿ, “ಹಣ್ಣಿನ ವಾಸನಿ ಬರ್ತದ ನೋಡು ಇದಕ್ಕ!” ಎಂದು ಊರಿಗೆಲ್ಲ ಕೇಳುವ ಹಾಗೆ ನಕ್ಕ.

ಅವ್ವ ವರ್ಷಗಟ್ಟಲೆ ಹೊಲಿಗೆ ಹಾಕಿ ಅಸಲು ತೀರಿಸಿ ಕಾಗದ ಬಿಡಿಸಿಕೊಂಡಳು. ನಾನು ಕಮಲಾಪುರದಲ್ಲಿ ಕಾಕಾನ ಊರಲ್ಲೇ ಬಾಳಿದೆ. ದಿನ ಬೆಳಗಾದರೆ ಮುಖ ಕಾಣುತ್ತಿತ್ತು, ಆ ಮಾತು ಮಾತ್ರ ನಾಳೆ ಹೇಳಿದರಾಯಿತು ಎಂದುಕೊಂಡೇ ಉಳಿಯಿತು. ಅವ್ವನ ಆರೈಕೆಗೆಂದು ಒಮ್ಮೆ ಶಹಾಬಜಾರಕ್ಕೆ ಬಂದಿದ್ದೆ. ತಿರುಗಿ ಹೋಗುವಷ್ಟರಲ್ಲಿ ಕಾಕಾನನ್ನು ಮಣ್ಣು ಮಾಡಿ ಎಂಟು ದಿನವಾಗಿತ್ತು...

ಅವ್ವನೂ ಹೋದಳು. ನಾನು ತಿರುಗಿ ಶಹಾಬಜಾರಕ್ಕೆ ಬಂದೆ, ಈ ಮನೆಗೆ ಈಗ ನಾನೇ ಹಿರಿಯಳು. ಮೊನ್ನೆ ಮಗಳು ತಂದ ಗೊನೆಯನ್ನು ಆ ಕತ್ತಲೆ ಕೋಣೆಯಲ್ಲೇ ಹುಲ್ಲು ಹಾಸಿ ಇಟ್ಟೆ. ಗಡಿಗೆಯಲ್ಲಿ ಹೊಗೆಯಿಟ್ಟು, ಕದ ಮುಚ್ಚಿ, ಸಂದಿಗೆ ಸಗಣಿ ಮೆತ್ತಿದೆ. ಅಂಗೈಯಿಂದ ಅಲ್ಲ, ಹೆಬ್ಬೆರಳಿನಿಂದ ಒತ್ತಿ ಒತ್ತಿ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮಗಳು ಬೈದಳು. ಅವಳ ತಲೆಯಲ್ಲೂ ಈಗ ಬಿಳಿಕೂದಲು. ಆ ಬಾಗಿಲಿನ ಕತೆ ಅವಳಿಗೂ ಹೇಳಿಲ್ಲ.

ಇವತ್ತು ಮೂರನೆಯ ದಿನ. ಬಾಗಿಲ ಮುಂದೆ ಕೂತಿದ್ದೇನೆ. ನಡುವೆ ಒಮ್ಮೆಯೂ ತೆಗೆದಿಲ್ಲ, ಕಾಕಾ.