ಪಂಪಯ್ಯನ ಬಲಗಾಲು

ಕುರುಗೋಡಿನ ಪಂಪಯ್ಯನಿಗೆ ದೇವರ ಮೇಲಿನ ನಂಬಿಕೆ ಹೋದದ್ದು ಒಂದು ಮಂಗಳವಾರ, ಬೆಳಗಿನ ಹತ್ತೂವರೆಗೆ, ಬಳ್ಳಾರಿಯ ಬೈಪಾಸ್ ರಸ್ತೆಯಲ್ಲಿ, ಹೊಸ ಲಾರಿಯೊಂದರ ಮುಂದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅದು ಅವತ್ತಿನ ಐದನೇ ಲಾರಿ. ಆರನೆಯದರ ಮಾಲೀಕ ಪಕ್ಕದಲ್ಲೇ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ.

ಅದು ಅದಿರಿನ ಕಾಲ. ಮೊನ್ನೆ ಮೊನ್ನೆಯವರೆಗೆ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವರೂ ಲಾರಿ ಕೊಳ್ಳುತ್ತಿದ್ದರು. ಬಿಳಿ ಲಾರಿ ಗಣಿಯ ಧೂಳಿಗೆ ಒಂದೇ ವಾರದಲ್ಲಿ ಕೆಂಪಾಗುತ್ತಿತ್ತು. ಲಾರಿಗೆ ಪೂಜೆ ಬೇಕು, ಪೂಜೆಗೆ ಅಯ್ಯನವರು ಬೇಕು. ಪಂಪಯ್ಯ ಜಂಗಮರ ಮನೆತನದವನು. ಊರಿನ ಲಿಂಗಾಯತರ ಮನೆಗಳಲ್ಲಿ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಮಣ್ಣಿಗಿಡುವವರೆಗೆ ಎಲ್ಲವನ್ನೂ ಅವನ ಅಜ್ಜ ಮಾಡಿದ್ದ, ಅಪ್ಪ ಮಾಡಿದ್ದ, ಒಂಬತ್ತನೇ ವಯಸ್ಸಿನಲ್ಲಿ ಅಯ್ಯಾಚಾರದ ದೀಕ್ಷೆಯಾದ ಮೇಲೆ ಇವನೂ ಮಾಡುತ್ತ ಬಂದಿದ್ದ. ಲಾರಿಗೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಗೆ ಮಾಡುವುದನ್ನೇ ಗಾಲಿಗೂ ಮಾಡುತ್ತಿದ್ದ. ಯಾವ ಲಾರಿಯೂ ತಕರಾರು ಮಾಡಿರಲಿಲ್ಲ.

ಅವತ್ತು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಮಂತ್ರ ಹೇಳುತ್ತಿದ್ದಾಗ, ಇದನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅನ್ನಿಸಿತು. ಮಾಲೀಕನ ಕಡೆ ನೋಡಿದ. ಅವನು ಮೊಬೈಲಿನಲ್ಲಿ ಮಾತಾಡುತ್ತಿದ್ದ. ಅವನ ಬಗ್ಗೆ ಅನ್ನಿಸಿದ್ದಲ್ಲ ಎಂದು ಪಂಪಯ್ಯನಿಗೆ ಆಗಲೇ ಗೊತ್ತಾಯಿತು. ಆದರೂ ಮಂತ್ರ ಮುಗಿಯಿತು, ಏಕೆಂದರೆ ಬಾಯಿಗೆ ಅದು ಪಾಠವಾಗಿತ್ತು. ಆರನೆಯ ಲಾರಿಯೂ ಮುಗಿಯಿತು.

ಊರಿಗೆ ವಾಪಸಾಗುವಾಗ ಬಸ್ಸು ಮಗುಚಬಹುದೆಂದು ಅವನು ಕಾದ. ಬಸ್ಸು ಎಂದೂ ಇಲ್ಲದ್ದು ಐದು ನಿಮಿಷ ಮುಂಚೆಯೇ ಮುಟ್ಟಿತು. ಮಾರನೆಯ ದಿನ ಲಿಂಗಪೂಜೆ ಮಾಡಿಕೊಳ್ಳದೆ, ದೀಕ್ಷೆಯಾದ ನಲವತ್ಮೂರು ವರ್ಷಗಳಲ್ಲಿ ಮೊದಲ ಸಲ, ಹೋಟೆಲಿನಲ್ಲಿ ಉಪ್ಪಿಟ್ಟು ತಿಂದ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿತ್ತು, ಅಷ್ಟೇ. ಒಂದು ವಾರ ಮೈ ಹಗುರವಾಗಿತ್ತು. ಆಮೇಲೆ ನಾಚಿಕೆ ಬಂತು, ಇಷ್ಟು ವರ್ಷ ಒಬ್ಬನೇ ಮಾತಾಡಿಕೊಂಡೆನಲ್ಲ ಎಂದು. ಆಮೇಲೆ ಸತ್ತು ಇಪ್ಪತ್ತು ವರ್ಷವಾದ ಅಪ್ಪನ ಮೇಲೆ ಸಿಟ್ಟು ಬಂತು. ಎಲ್ಲಕ್ಕಿಂತ ಕೆಟ್ಟದ್ದು ಆದದ್ದು ಬಳ್ಳಾರಿಯ ಆಸ್ಪತ್ರೆಯಲ್ಲಿ. ಮಗಳು ಅರುಣಾಳಿಗೆ ಹೆರಿಗೆ ಕಷ್ಟವಾಗಿತ್ತು. ತಾಯಿ ಮಗು ಇಬ್ಬರೂ ಆರಾಮ ಎಂದು ನರ್ಸಮ್ಮ ಹೊರಗೆ ಬಂದು ಹೇಳಿದ ಕೂಡಲೇ ಪಂಪಯ್ಯನ ಎರಡೂ ಕೈ ತಾವಾಗಿ ಮುಗಿದವು. ಮುಗಿದ ಕೈಗಳ ಮುಂದೆ ಯಾರೂ ಇರಲಿಲ್ಲ. ಹಾಗೆಯೇ ನಿಂತುಬಿಟ್ಟ. ಕೊನೆಗೆ ನರ್ಸಮ್ಮ, "ಏನ್ ಬೇಕಿತ್ರಿ ಅಜ್ಜಾರ?" ಎಂದು ಕೇಳಿದಳು. ದೇವರಿಲ್ಲ ಎಂದು ಮೈಕು ಹಿಡಿದು ಭಾಷಣ ಮಾಡುವವರು ಈ ಕೈಗಳನ್ನು ಏನು ಮಾಡಬೇಕೆಂದು ಮಾತ್ರ ಹೇಳುವುದಿಲ್ಲ.

ಲಾರಿಗಳಿಗೆ ಪೂಜೆ ಮಾಡುತ್ತಲೇ ಇದ್ದ, ಅದರದೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕಾಲಿನದು.

ಮೂರು ಮನೆ ಆಚೆಗೆ ಚನ್ನವೀರಮ್ಮ ಎಂಬ ಮುದುಕಿ. ಎಪ್ಪತ್ತೆಂಟು ದಾಟಿತ್ತು. ತಾಯಿಯಿಲ್ಲದ ಪಂಪಯ್ಯನಿಗೆ ತಲೆ ಬಾಚಿ, ಉಣಿಸಿ, ಬೆಳೆಸಿದವಳು ಅವಳೇ. ಆದರೆ ಅವನಿಗೆ ಅಯ್ಯಾಚಾರವಾದ ದಿನದಿಂದ "ಅಯ್ಯಾರ, ಬರ್ರಿ, ಹೋಗ್ರಿ" ಎನ್ನತೊಡಗಿದ್ದಳು. ಪ್ರತಿ ಸೋಮವಾರ ಅವನನ್ನು ಮಣೆಯ ಮೇಲೆ ಕೂರಿಸಿ, ಕಾಲು ತೊಳೆದು, ಆ ಪಾದೋದಕವನ್ನು ಮೂರು ಸಲ ಕುಡಿದೇ ಊಟ ಮಾಡುತ್ತಿದ್ದಳು. ಮೊದಲು ಅದು ಪಂಪಯ್ಯನಿಗೆ ಏನೂ ಅನ್ನಿಸುತ್ತಿರಲಿಲ್ಲ; ಕಾಲು ಅವನದಾದರೂ ಪೂಜೆ ಅವನದಲ್ಲ, ಶಿವನದು. ಈಗ ಅದು ಬರೀ ಕಾಲಾಗಿತ್ತು, ನೀರು ಬರೀ ಕಾಲು ತೊಳೆದ ನೀರಾಗಿತ್ತು. ತಾಯಿಯಂಥವಳು ಅದನ್ನು ಕಣ್ಣಿಗೊತ್ತಿಕೊಂಡು ಕುಡಿಯುವಾಗ ಅವನು ಬಾಗಿಲ ಕಡೆ ತಿರುಗಿಕೊಳ್ಳುತ್ತಿದ್ದ. ನಿಜ ಹೇಳಿದರೆ ಅವಳು ಮುಖ ನೋಡಲಿಕ್ಕಿಲ್ಲ. ಅವಳೊಬ್ಬಳನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಹೀಗಾಗಿ ಪಂಪಯ್ಯ ಬಲಗಾಲಿನ ಹೆಬ್ಬೆರಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡ. ಎಡವಿದೆ ಅಂದ. ಊರು ಬಿಡುತ್ತದೆಯೇ? ದರ್ಜಿ ಸೈಫುದ್ದೀನ್ ಮುಲಾಮು ತಂದುಕೊಟ್ಟು, "ಶುಗರ್ ಚೆಕ್ ಮಾಡಿಸ್ರಿ ಅಯ್ಯಾರ, ತಡ ಮಾಡಬ್ಯಾಡ್ರಿ" ಅಂದ. ಪಂಪಯ್ಯ ಕುಂಟತೊಡಗಿದ. ಅವಸರದಲ್ಲಿದ್ದಾಗ ಒಮ್ಮೊಮ್ಮೆ ಎಡಗಾಲು ಕುಂಟುತ್ತಿತ್ತು.

"ಒಂದ ಕಾಲಿನ ಪೂಜಿ ಪೂಜಿ ಅಲ್ರಿ. ವಾಸಿ ಆಗಲಿ, ನಾ ಕಾಯ್ತೀನಿ" ಎಂದಳು ಚನ್ನವೀರಮ್ಮ. ಹೇಗೆ ಕಾಯುತ್ತಾಳೆಂದು ಪಂಪಯ್ಯ ಕೇಳಲಿಲ್ಲ.

ಆರನೇ ವಾರ ಅವನ ಹೆಂಡತಿ ಸಾವಂತ್ರಮ್ಮ ನೀರಿನ ಕೊಡ ಇಳಿಸುತ್ತ ಹೇಳಿದಳು: "ಚನ್ನವೀರಮ್ಮ ನಳದ ಹತ್ರ ಬಿದ್ದಿದ್ಲು. ಸೋಮವಾರ ಬಾಯಾಗ ಹನಿ ನೀರೂ ಹಾಕ್ಕೊಳ್ಳಾಂಗಿಲ್ಲಂತ. ಉಳಿದ ದಿನ ಒಂದು ಲೋಟ ಹಾಲಂತ. ನಿಮ್ಮ ಕಾಲು ವಾಸಿ ಆಗಿ ಪಾದಪೂಜಿ ಆಗೋ ಮಟ ರೊಟ್ಟಿ ಮುಟ್ಟಂಗಿಲ್ಲ ಅಂತ ಹರಕಿ ಹೊತ್ತಾಳ."

ಪಂಪಯ್ಯ ಪಟ್ಟಿ ಕಟ್ಟಿದ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.

"ಆ ಪಟ್ಟಿ ವಾರಕ್ಕೊಮ್ಮೆ ಒಗೆಯಾಕಿ ನಾನು. ಒಂದು ಹನಿ ರಕ್ತ ಕಂಡಿಲ್ಲ. ಯಾಕಂತ ನಾ ಕೇಳಿಲ್ಲ. ಆ ಮುದುಕಿ ಸತ್ರ ಕೇಳ್ತೀನಿ" ಎಂದು ಸಾವಂತ್ರಮ್ಮ ಒಳಗೆ ಹೋದಳು.

ಯಾರಲ್ಲಾದರೂ ಹೇಳಿಕೊಳ್ಳಲೇಬೇಕಾಗಿತ್ತು. ಸಿರುಗುಪ್ಪದಲ್ಲಿ ಅವನ ದೊಡ್ಡಪ್ಪನ ಮಗ ಕೊಟ್ರಯ್ಯನಿದ್ದ. ಅವನೂ ಅಯ್ಯನವರೇ, ಅಲ್ಲಿನ ರೈಸ್‌ಮಿಲ್ಲಿನವರಿಗೆಲ್ಲ ಬೇಕಾದವನು. ಪಂಪಯ್ಯ ಬಸ್ಸು ಹತ್ತಿ ಹೋಗಿ, ಬಾಗಿಲು ಹಾಕಿಸಿ, ದನಿ ತಗ್ಗಿಸಿ ಎಲ್ಲವನ್ನೂ ಹೇಳಿದ. ಬೈಯುತ್ತಾನೆ ಅಂದುಕೊಂಡಿದ್ದ, ಇಲ್ಲವೇ ಸಮಾಧಾನ ಮಾಡುತ್ತಾನೆ ಅಂದುಕೊಂಡಿದ್ದ. ಕೊಟ್ರಯ್ಯ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದೆ ಸರಿಸಿದ.

"ಇಷ್ಟಕ್ಕ ಬಸ್ ಹತ್ತಿ ಬಂದ್ಯೇನಲೇ? ನನಗ ಹೋಗಿ ಹದಿನೇಳು ವರ್ಷ ಆತು."

"ಮತ್ತ ಪಾದಪೂಜಿ?"

"ಮಾಡಿಸ್ಕೊಂತೀನಿ. ಕಾಲು ನಂದು, ನಂಬಿಕಿ ಅವರದು. ನಡುವ ನನಗೇನು ತ್ರಾಸು? ಮೆಣಸಿನಕಾಯಿ ತಗೋ."

ಪಂಪಯ್ಯನಿಗೆ ಅವಮಾನವಾಯಿತು. ಜೀವಮಾನದ ದೊಡ್ಡ ದುಃಖವೆಂದು ಅವನು ಹೊತ್ತುಕೊಂಡು ಬಂದದ್ದನ್ನು ಕೊಟ್ರಯ್ಯ ಹಳೆ ಕೊಡೆಯ ಹಾಗೆ ಮೂಲೆಯಲ್ಲಿಟ್ಟು ಮರೆತಿದ್ದ. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದ. ಕಾಲು ಚಾಚಿದರೆ ಮುದುಕಿ ಉಣ್ಣುತ್ತಾಳೆ. ತೆಕ್ಕಲಕೋಟೆ ದಾಟುವಷ್ಟರಲ್ಲಿ ಪಟ್ಟಿ ಬಿಚ್ಚಿ ಕಿಟಕಿಯಿಂದ ಎಸೆದ.

ನೆಟ್ಟಗೆ ಚನ್ನವೀರಮ್ಮನ ಮನೆಗೇ ಹೋಗಿ ಮಣೆಯ ಮೇಲೆ ಕೂತ. ಅವಳು ಗೋಡೆ ಹಿಡಿದು ಹಿಡಿದು ಬಂದು, ಹಿತ್ತಾಳೆ ತಟ್ಟೆ ಇಟ್ಟು, ಅವನ ಕಾಲು ಎತ್ತಿಕೊಂಡಳು. ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು.

"ಗಾಯದ ಕಲೀನೂ ಉಳಿದಿಲ್ರಿ ಅಯ್ಯಾರ! ನನ್ನ ಹರಕಿ ಶಿವ ಕೇಳಿದ."

ಪಂಪಯ್ಯ ಕಾಲು ಎಳೆದುಕೊಂಡ. ಕೊಟ್ರಯ್ಯನಿಗೆ ಇದ್ದ ಗಟ್ಟಿತನ ಅವನಿಗಿರಲಿಲ್ಲ. ಗಾಯ ಇರಲೇ ಇಲ್ಲ ಎಂದ. ಯಾಕೆ ಎಂಬುದನ್ನೂ ಹೇಳಿದ. ಲಾರಿ, ಉಪ್ಪಿಟ್ಟು, ಆಸ್ಪತ್ರೆ, ಯಾವುದನ್ನೂ ಬಿಡಲಿಲ್ಲ.

ಚನ್ನವೀರಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ದೇವರು ನಿಮಗ ಇಲ್ಲ ಅಂದ್ರ ಅದು ನಿಮ್ಮ ಅವನ ಜಗಳ. ನಾ ಯಾಕ ನಡುವ ಬರ್ಲಿ? ಆದರ ನೆಟ್ಟಗಿದ್ದ ಬೆರಳಿಗೆ ನನ್ನ ಆರು ವಾರ ಉಪವಾಸ ಕೆಡವಿದ್ರಲ್ಲ, ಅದು ತಪ್ಪು" ಎಂದಳು. ಆಮೇಲೆ, "ನಂಬಿಕಿ ಇಲ್ಲದ ಕಾಲಿನ ನೀರು ನಾ ಒಲ್ಲೆ. ಸೋಮವಾರಕ್ಕ ಖರೇ ಅಯ್ಯಾರನ್ನ ಯಾರನ್ನರ ಕರಸ್ರಿ. ಹೊತ್ತ ಹರಕಿ ಹೊತ್ತಾಂಗ ತೀರಬೇಕು. ಅಲ್ಲಿ ಮಟ ನಾ ಉಣ್ಣಂಗಿಲ್ಲ" ಎಂದಳು.

ಪಂಪಯ್ಯ ಎರಡು ದಿನ ಅಲೆದ. ತೆಕ್ಕಲಕೋಟೆಯ ಅಯ್ಯನವರು ಹೊಸಪೇಟೆಗೆ, ಮಣ್ಣು ತೋಡುವ ಯಂತ್ರಕ್ಕೆ ಪೂಜೆ ಮಾಡಲು ಹೋಗಿದ್ದರು. ರೂಪನಗುಡಿಯ ಅಯ್ಯನವರು ತಾವೇ ಲಾರಿ ಕೊಂಡು, ಪೂಜೆ ಬಿಟ್ಟಿದ್ದರು. ಸೋಮವಾರ ಬಿಡುವಿದ್ದ ಅಯ್ಯನವರು ಇಡೀ ಸೀಮೆಯಲ್ಲಿ ಒಬ್ಬರೇ, ಸಿರುಗುಪ್ಪದ ಕೊಟ್ರಯ್ಯನವರು.

ಕೊಟ್ರಯ್ಯ ಮೊದಲ ಬಸ್ಸಿಗೇ ಬಂದ. ಹಣೆ ತುಂಬ ವಿಭೂತಿ, ಮಡಿ ಪಂಚೆ, ಕಂಚಿನಂಥ ಕಂಠ. ಎರಡೂ ಕಾಲು ಚಾಚಿ ಕೂತು, ಕಣ್ಣು ಮುಚ್ಚಿ ಮಂತ್ರ ಹೇಳಿದ, ಒಂದಕ್ಷರ ತಪ್ಪಲಿಲ್ಲ. ಚನ್ನವೀರಮ್ಮ ಕಾಲು ತೊಳೆದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಪಂಪಯ್ಯನ ಬಾಯಲ್ಲಿ ಒಂದು ಮಾತಿತ್ತು. ಆಡಿದ್ದರೆ ತಟ್ಟೆ ಅಲ್ಲೇ ನಿಲ್ಲುತ್ತಿತ್ತು. ಸತ್ಯ ಹೇಳಿ ಒಂದು ವಾರವೂ ಆಗಿರಲಿಲ್ಲ, ಅದರ ರುಚಿ ಇನ್ನೂ ನಾಲಗೆಯ ಮೇಲಿತ್ತು. ಅವನು ತುಟಿ ಕಚ್ಚಿಕೊಂಡ. ಮುದುಕಿ ಮೂರು ಸಲ ಕುಡಿದಳು. ಅವಳ ಮುಖ ತಿಳಿಯಾಯಿತು. ಆಮೇಲೆ ಕೂತು, ಆರು ವಾರಗಳ ಮೇಲೆ, ಒಂದು ರೊಟ್ಟಿ ತಿಂದಳು. ಇನ್ನೂ ಅರ್ಧ ಹಾಕಿಸಿಕೊಂಡಳು. ಪಂಪಯ್ಯನಿಗೆ ಖುಷಿಯಾಯಿತು. ಕೊಟ್ರಯ್ಯನ ಕಾಲುಗಳ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಕೊಟ್ರಯ್ಯ ಉಂಡು, ಆಶೀರ್ವಾದ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೋದ. ಇನ್ನು ಈ ಹೊಸಿಲಲ್ಲಿ ತನಗೇನು ಕೆಲಸ ಎಂದು ಪಂಪಯ್ಯನೂ ಚಪ್ಪಲಿ ಮೆಟ್ಟತೊಡಗಿದ.

"ಉಣ್ಣದ ಎಲ್ಲಿ ಹೊಂಟಿ? ಕುಂದರು" ಎಂದಳು ಚನ್ನವೀರಮ್ಮ.

ನಲವತ್ಮೂರು ವರ್ಷಗಳ ಹಿಂದೆ, ಅಯ್ಯಾಚಾರಕ್ಕೆ ಮುಂಚೆ, ಮಾತಾಡಿಸುತ್ತಿದ್ದ ಹಾಗೆಯೇ ಮಾತಾಡಿಸಿದ್ದಳು. ಪಂಪಯ್ಯ ಕೂತ. ಮಣೆಯ ಮೇಲಲ್ಲ, ನೆಲದ ಮೇಲೆ, ಅವಳ ಪಕ್ಕದಲ್ಲಿ. ಅವಳು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು.

"ಮೂರು ದಿನದಿಂದ ಒಂದ ವಿಚಾರ ನನಗ. ಈಗ ಕಷ್ಟ ಬಂದ್ರ ಯಾರನ್ನ ಕರೀತೀಯಪ್ಪಾ ನೀನು?"

"ಯಾರನ್ನೂ ಇಲ್ಲವ್ವಾ."

ಹೇಳಿದ ಮೇಲೆಯೇ ಅದು ಎಷ್ಟು ನಿಜವೆಂದು ಅವನಿಗೆ ತಿಳಿದದ್ದು. ರೊಟ್ಟಿ ಕೈಯಲ್ಲೇ ಉಳಿಯಿತು.

"ಇಷ್ಟು ವರ್ಷ ನನ್ನ ಸಲುವಾಗಿ ನೀ ಶಿವನ್ನ ಕೇಳಿಕೊಂಡಿ. ಇನ್ನ ಮ್ಯಾಲೆ ನಿನ್ನ ಸಲುವಾಗಿ ನಾ ಕೇಳ್ತೀನಿ. ನೀ ನಂಬೋದೇನು ಬ್ಯಾಡ. ಏನೇನು ಕೇಳಬೇಕು ಅಂತ ಸೋಮವಾರ ಬಂದು ಹೇಳಿ ಹೋಗು, ಸಾಕು."

ಪಂಪಯ್ಯ ಅತ್ತ. ಮುದುಕಿ ಅವನ ಕಡೆ ನೋಡದೆ ಪಲ್ಯದ ಬೋಗುಣಿ ಹತ್ತಿರ ಸರಿಸಿದಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡ ಪಂಪಯ್ಯ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ.

"ಸಾವಂತ್ರಿಗೆ ಮೊಣಕಾಲು ಬ್ಯಾನಿ ಐತವ್ವಾ," ಎಂದ, "ಮೂರು ತಿಂಗಳಾತು. ಎಡಗಾಲು."