ಜೈನಾಬಿ ಚಿಕ್ಕಮ್ಮನನ್ನು ಎಲ್ಲಿ ಬರೆಯುವುದು

ಆಗೆಲ್ಲ ಹರಿಹರದ ಹಳೇ ಊರಿನಲ್ಲಿ ಮನೆಗೆ ಎರಡು ಬಾಗಿಲು. ಬೀದಿ ಬಾಗಿಲು ಗಂಡಸರಿಗೆ, ನೆಂಟರಿಗೆ, ಪೋಸ್ಟ್‌ಮ್ಯಾನಿಗೆ. ಹಿತ್ತಲ ಬಾಗಿಲು ಹೆಂಗಸರಿಗೆ, ಮಕ್ಕಳಿಗೆ. ನಿಮ್ಮೂರಲ್ಲೂ ಹಾಗೇ ಇದ್ದೀತು. ನಮ್ಮ ಹಿತ್ತಲು ದಾಟಿದರೆ ಜೈನಾಬಿ ಚಿಕ್ಕಮ್ಮನ ಹಿತ್ತಲು. ನಡುವೆ ಗೋಡೆ, ಗೋಡೆಗೊಂದು ಕದ. ಆ ಕದಕ್ಕೆ ಚಿಲಕ ಹಾಕಿದ್ದು ನಾನು ನೋಡೇ ಇರಲಿಲ್ಲ.

ಚಿಕ್ಕಮ್ಮನ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಾದ ಹಂಡೆಗೆ ನವಸಾಗರ ಉದುರಿಸಿದ ಕೂಡಲೇ ಏಳುವ ಬಿಳಿ ಹೊಗೆ ಮೂಗಿಗೆ ಚುಚ್ಚುತ್ತಿತ್ತು. ನನಗೋ ಆ ವಾಸನೆ ಅಂದರೆ ಪ್ರಾಣ. ಹೊಗೆ ಹತ್ತಿರ ಮೂಗು ಒಯ್ದು ಎಷ್ಟು ಸಲ ಬೈಸಿಕೊಂಡಿದ್ದೇನೋ. ಅವರ ಮಗ ಇಲಿಯಾಸ್ ನನಗಿಂತ ಎರಡು ತಿಂಗಳಿಗೆ ದೊಡ್ಡವನು, ಚೌಕಾಬಾರದಲ್ಲಿ ಕವಡೆ ತಿರುಗಿಸಿ ಮೋಸ ಮಾಡುವುದರಲ್ಲಿ ಎತ್ತಿದ ಕೈ. ಜೈನಾಬಿ ನನ್ನ ಅಮ್ಮನನ್ನು ಅಕ್ಕ ಅನ್ನುತ್ತಿದ್ದರು, ಹಾಗಾಗಿ ನನಗೆ ಚಿಕ್ಕಮ್ಮ. ನನ್ನ ಪಾಲಿಗೆ ಅದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ.

ಅಮ್ಮನ ಅತ್ತೆ, ಅಂದರೆ ನನ್ನ ಅಜ್ಜಿಗೂ ಜೈನಾಬಿ ಇಲ್ಲದೆ ಹೊತ್ತು ಹೋಗುತ್ತಿರಲಿಲ್ಲ. ಹಿತ್ತಲ ಹೊಸ್ತಿಲ ಆಚೆ ಆಕೆ, ಈಚೆ ಅಜ್ಜಿ, ನಡುವೆ ಅಕ್ಕಿಯ ಮೊರ. ಕಲ್ಲು ಆರಿಸುತ್ತಾ ಬೀದಿಯ ಸುದ್ದಿಯನ್ನೆಲ್ಲ ಜರಡಿ ಹಿಡಿಯುತ್ತಿದ್ದರು. ಆದರೆ ಅಜ್ಜಿಯ ಕಟ್ಟಳೆ ಕಟ್ಟಳೆಯೇ. ಆ ಮನೆಯಿಂದ ಮಾವಿನಕಾಯಿ ಬರಬಹುದು, ಹುಣಸೆಹಣ್ಣು ಬರಬಹುದು, ಒಲೆ ಮೇಲೆ ಬೆಂದದ್ದು ಮಾತ್ರ ಬರಕೂಡದು. ಚಿಕ್ಕಮ್ಮ ಅದಕ್ಕೆ ಬೇಜಾರೂ ಮಾಡಿಕೊಂಡವರಲ್ಲ. ಬೇಜಾರಿದ್ದರೂ ನಮಗೆ ತೋರಿಸಲಿಲ್ಲ ಅಂತ ಈಗ ಅನಿಸುತ್ತದೆ.

ಒಮ್ಮೆ ಬೀದಿಯ ಹೆಂಗಸೊಬ್ಬಳು ನಾನೂ ಇಲಿಯಾಸನೂ ಜಗಳವಾಡುವುದು ನೋಡಿ, "ಇವ್ರಿಬ್ರಿಗೂ ಮದುವಿ ಮಾಡಿದ್ರೆ ಸರಿಹೋಗತೈತೆ" ಅಂತ ನಕ್ಕಳು. ಯಾವತ್ತೂ ದನಿ ಎತ್ತದ ಚಿಕ್ಕಮ್ಮ ಅವತ್ತು ಸಿಡಿದರು. "ಹಂಗನಬ್ಯಾಡ್ರಿ. ತಮಾಷಿಗೂ ಅನಬ್ಯಾಡ್ರಿ."

ಆಮೇಲೆ ನಾನು ಬಿಡದೆ ಯಾಕ, ಯಾಕ ಅಂತ ಗಂಟುಬಿದ್ದೆ. ಹಠದಲ್ಲಿ ನಾನು ಕಮ್ಮಿಯೇನಲ್ಲ. ಕೊನೆಗೆ ಚಿಕ್ಕಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. ನಾನು ಹುಟ್ಟಿದಾಗ ಅಮ್ಮನಿಗೆ ಬಾಣಂತಿ ಜ್ವರ ಬಂದು ಎದೆಹಾಲು ಬತ್ತಿತ್ತಂತೆ. ಹಸುವಿನ ಹಾಲು ಹಾಕಿದರೆ ಕಾರಿಕೊಳ್ಳುತ್ತಿದ್ದೆನಂತೆ. ಅಜ್ಜಿ ಸುಗ್ಗಿಗೆ ಸಾರಥಿ ಹಳ್ಳಿಯ ನಮ್ಮ ಹೊಲಕ್ಕೆ ಹೋದ ಹಗಲುಗಳಲ್ಲಿ ಅಮ್ಮ ನನ್ನನ್ನು ಆ ಕದ ದಾಟಿಸುತ್ತಿದ್ದಳು. ಇಲಿಯಾಸನಿಗೆ ಒಂದು ಕಡೆ, ನನಗೆ ಒಂದು ಕಡೆ.

"ಒಂದೇ ಹಾಲು ಕುಡಿದೋರು ಅಣ್ಣ-ತಂಗಿ. ನಮ್ಮಲ್ಲಿ ಅದು ಹುಟ್ಟಿದಷ್ಟೇ ಖರೆ," ಅಂದರು. "ಆದ್ರೆ ಯಾರ್ಗೂ ಹೇಳಬ್ಯಾಡವ್ವ. ನಿಮ್ಮಮ್ಮ ನನ್ನ ಕೈ ಹಿಡಿದು ಆಣೆ ಮಾಡಿಸ್ಯಾಳ. ನಿಮ್ಮಜ್ಜಿಗೆ ಗೊತ್ತಾದ್ರೆ ಅಕ್ಕನ ಬಾಳು ಕಷ್ಟ ಐತೆ."

ನಾನು ಹೂಂ ಅಂದೆ. ಒಂದು ವರ್ಷ ಬಾಯಿ ಬಿಡಲೂ ಇಲ್ಲ.

ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಗೆ ನಮ್ಮ ಹೊರಕೋಣೆಗೆ ಸುಮಿತ್ರಕ್ಕ ಬಾಡಿಗೆಗೆ ಬಂದಳು. ಮೈಸೂರು ಕಡೆಯವಳು, ಯೂನಿವರ್ಸಿಟಿಯಲ್ಲಿ ಮಾನವಶಾಸ್ತ್ರ ಓದುವವಳು. ನಮ್ಮ ಬೀದಿಯ ಜನ ಯಾರು ಯಾರಿಗೆ ಏನಾಗಬೇಕು ಅಂತ ಬರೆಯುವುದೇ ಅವಳ ಕೆಲಸ. "ನಿಮ್ಮ ತಾಯಿಯ ತಂಗಿಯನ್ನ ಏನಂತ ಕರೀತೀರ?" ಅಂತ ಅವಳು ಕೇಳಿದರೆ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಇಷ್ಟು ಓದೈತೆ ಹುಡುಗಿ, ಚಿಕ್ಕಮ್ಮ ಅಂದ್ರೆ ಯಾರು ಅಂತ ಗೊತ್ತಿಲ್ಲ ನೋಡು."

ಸುಮಿತ್ರಕ್ಕ ಒಳ್ಳೆಯವಳೇ. ನಮ್ಮ ಜೊತೆ ಕೂತು ಮಂಡಕ್ಕಿ ತಿಂದಳು, ಕುಂಟೆಬಿಲ್ಲೆ ಆಡಿ ಬಿದ್ದಳು. ಯಾರ ಪದ್ಧತಿಯೂ ಮೇಲಲ್ಲ, ಯಾರದೂ ಕೀಳಲ್ಲ, ಅವರವರ ಕಣ್ಣಿಂದಲೇ ನೋಡಬೇಕು ಅಂತ ನನಗೆ ಮೊದಲು ಹೇಳಿದವಳೂ ಅವಳೇ. ಈಗ ದಾವಣಗೆರೆಯ ಕಾಲೇಜಿನಲ್ಲಿ ನಾನು ಅದೇ ಪಾಠ ಮಾಡಿ ಸಂಬಳ ತಗೊಳ್ಳುತ್ತೇನೆ.

ಊರಿಗೆ ಹೊರಡುವ ಹಿಂದಿನ ದಿನ ಸುಮಿತ್ರಕ್ಕ ನಮ್ಮ ಮನೆತನದ ಪಟವನ್ನು ಪಡಸಾಲೆಯಲ್ಲಿ ಹಾಸಿದಳು. ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ದುಂಡು ಸೊನ್ನೆ, ಸತ್ತವರ ಮೇಲೊಂದು ಅಡ್ಡಗೆರೆ. ತಾತನ ತ್ರಿಕೋನದ ಮೇಲಿನ ಗೆರೆ ಕಂಡು ಅಜ್ಜಿ, "ಅವ್ರನ್ನ ಯಾಕ ಹೊಡೆದು ಹಾಕಿದೆ?" ಅಂದಳು. ಎಲ್ಲರೂ ನಕ್ಕೆವು. ಅಮ್ಮ ನಗುತ್ತಾ ಬಾಗಿ ತನ್ನ ಸೊನ್ನೆ ಹುಡುಕುತ್ತಿದ್ದಳು. ಚಿಕ್ಕಮ್ಮ ಕಲಾಯಿ ಹಾಕಿದ ನಮ್ಮ ಪಾತ್ರೆ ಕೊಡಲು ಬಂದವರು ಹಿತ್ತಲ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ನಾನು ಪಟದ ಮೇಲೆ ಬೆರಳಾಡಿಸಿ ನೋಡಿದೆ. ಯಾವತ್ತೂ ಮುಖ ತೋರಿಸದ ಲೋಕಿಕೆರೆ ಮಾವನೂ ಇದ್ದ. ಚಿಕ್ಕಮ್ಮ ಇರಲಿಲ್ಲ.

"ಜೈನಾಬಿ ಚಿಕ್ಕಮ್ಮನ್ನ ಬಿಟ್ಟೀರಿ," ಅಂದೆ.

"ಅವರು ನೆರೆಮನೆಯವರು ಗಿರಿಜಾ. ಬಾಯಿಮಾತಿಗೆ ಚಿಕ್ಕಮ್ಮ ಅಂತೀಯ ಅಷ್ಟೆ. ಇಲ್ಲಿ ನಿಜವಾದ ಸಂಬಂಧ ಮಾತ್ರ ಬರೀತಾರೆ."

ಚಿಕ್ಕಮ್ಮ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ, ಇವಳು ಹೀಗನ್ನುತ್ತಾಳಲ್ಲ ಅಂತ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಳ್ಳು. ನಾನು ಅವ್ರ ಎದೆಹಾಲು ಕುಡಿದೀನಿ. ಇಲಿಯಾಸ ನನ್ನ ಅಣ್ಣ. ಬರೀರಿ."

ಸುಮಿತ್ರಕ್ಕನ ಮುಖ ಅರಳಿತು. ಪುಸ್ತಕದಲ್ಲಿ ಓದಿದ್ದ ಹಾಲಿನ ನಂಟು ಕಣ್ಣೆದುರೇ ಸಿಕ್ಕಿತ್ತಲ್ಲ. ಅವಳು ಪೆನ್ಸಿಲ್ ತೆಗೆದು, ಪಟದ ಅಂಚಿನಲ್ಲಿ ಒಂದು ಸೊನ್ನೆ ಸುತ್ತಿ, ಅಲ್ಲಿಂದ ನನ್ನವರೆಗೆ ಚುಕ್ಕಿಗೆರೆ ಎಳೆಯತೊಡಗಿದಳು. ಅಮ್ಮನ ಮುಖ ಅವಳು ನೋಡಲೇ ಇಲ್ಲ. ನಾನು ನೋಡಿದೆ.

"ಹೌದೇನೇ?" ಅಂತ ಅಜ್ಜಿ ಕೇಳಿದಳು. ಅಮ್ಮ ತಲೆ ಎತ್ತಲಿಲ್ಲ. ಚಿಕ್ಕಮ್ಮ ಪಾತ್ರೆಯನ್ನು ಸದ್ದಾಗದಂತೆ ಹೊಸ್ತಿಲ ಹೊರಗಿಟ್ಟು ಹೋದರು.

ಅಜ್ಜಿ ಕೂಗಾಡಲಿಲ್ಲ. ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿ ಗಂಜಲ, ಅರಿಶಿನ ಕಲಸಿದ ನೀರನ್ನು ತಲೆ ಮೇಲೆ ಕೊಡಗಟ್ಟಲೆ ಸುರಿದಳು. ಒಂಬತ್ತು ವರ್ಷದ ಹಿಂದೆ ಹೊಟ್ಟೆಗೆ ಹೋಗಿ ನನ್ನ ಮೈಯೇ ಆಗಿಬಿಟ್ಟಿದ್ದ ಹಾಲನ್ನು ಅದು ಹೇಗೆ ತೊಳೆದೀತು? ಆಮೇಲೆ ಬಡಗಿ ಬಂದು ಗೋಡೆಯ ಕದಕ್ಕೆ ಹಲಗೆ ಹೊಡೆದ. ಅಮ್ಮ ಮಾಡಿದ ಅಡುಗೆಯನ್ನು ಅಜ್ಜಿ ಆ ಮಳೆಗಾಲ ಪೂರ್ತಿ ಮುಟ್ಟಲಿಲ್ಲ. ತನಗೊಂದು ಬೇರೆ ಒಲೆ ಹಾಕಿಕೊಂಡು, ಮುದಿ ಕೈಯಲ್ಲಿ ತಾನೇ ಗಂಜಿ ಕಾಯಿಸಿಕೊಂಡು, ಒಬ್ಬಳೇ ಉಣ್ಣುತ್ತಿದ್ದಳು. ಜೈನಾಬಿ ಇಲ್ಲದೆ ಅವಳೂ ಬಡವಾಗಿದ್ದಳು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಅಮ್ಮ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ದಸರೆ ಹೊತ್ತಿಗೆ ಚಿಕ್ಕಮ್ಮನ ಮನೆಯವರು ದಾವಣಗೆರೆಗೆ ಹೊರಟರು. ಸ್ಟೀಲು ಬಂದು ಕಲಾಯಿ ಕೆಲಸ ಕಮ್ಮಿಯಾಯಿತು ಅಂತ ಬೀದಿಯವರು ಅಂದರು. ಅದೂ ಇದ್ದೀತು. ಸಾಮಾನಿನ ಗಾಡಿಯ ಹಿಂದೆ ನಡೆಯುತ್ತಿದ್ದ ಚಿಕ್ಕಮ್ಮ ನಮ್ಮ ಕಿಟಕಿ ಹತ್ತಿರ ನಿಂತರು. ನಾನು ಒಳಗೆ ಸರಳು ಹಿಡಿದು ಅಳುತ್ತಿದ್ದೆ.

"ನೀ ಸುಳ್ಳೇನೂ ಹೇಳಲಿಲ್ಲವ್ವ," ಅಂದರು. "ಅಮ್ಮನ್ನ ಚಂದ ನೋಡ್ಕೊ."

ಮದುವೆಯಾಗಿ ನಾನೂ ದಾವಣಗೆರೆಗೇ ಬಂದೆ. ಅದೇ ಊರಿನಲ್ಲಿ ಹದಿನೆಂಟು ವರ್ಷ ಇದ್ದು ಅವರನ್ನು ಹುಡುಕಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಅಂತ ನೆಪ ಹೇಳಿಕೊಂಡೆ. ಹೋದ ವರ್ಷ ಕುಕ್ಕರ್ ಕೊಳ್ಳಲು ಪಾತ್ರೆ ಅಂಗಡಿಯೊಂದಕ್ಕೆ ಹೋದಾಗ ಗಲ್ಲಾದ ಮೇಲೆ ಕೂತಿದ್ದ ನರೆಗಡ್ಡದ ಮನುಷ್ಯ ನನ್ನನ್ನೇ ದಿಟ್ಟಿಸಿ, "ಗಿರಿಜಾ ಅಲ್ಲೇನು? ಬಾರವ್ವ, ಕೂಡು" ಅಂದ. ಇಲಿಯಾಸ್.

ಚಿಕ್ಕಮ್ಮ ಹೇಗಿದ್ದಾರೆ ಅಂತ ಕೇಳಿದೆ.

"ಅಮ್ಮಿ ಹೋಗಿ ಎಂಟು ತಿಂಗಳಾತು. ಗಿರಿಜಾಗ ತಿಳಿಸು ಅಂತ ಅಂದಿದ್ರು. ನಾನೇ ಹಿಂಜರಿದೆ. ನಿನ್ನ ಗಂಡನ ಮನಿಯಾಗ ಏನಂತಾರೋ, ಮತ್ತೆ ನಿಂಗ ತೊಂದ್ರಿ ಆಗಬಾರ್ದು ಅಂತ." ಗಲ್ಲಾದ ಮುಚ್ಚಳ ಮುಚ್ಚಿ ಅಂದ: "ಶ್ರಾವಣದಾಗ ನಿಮ್ಮ ಹಬ್ಬದ ಶುಕ್ರವಾರ. ಹೂವಿನ ಸಂತಿ ಗದ್ದಲದಾಗ ಅಮ್ಮಿ ಜನಾಜಾ ಹೊತ್ತು ದಾಟಿಸೋದೇ ಕಷ್ಟ ಆತು."

ಸೂತಕ ಅಂದರೇನು, ಯಾರಿಗೆ ಯಾರು ಎಷ್ಟು ದಿನ ಹಿಡಿಯುತ್ತಾರೆ, ಅದರಿಂದಲೇ ಯಾರು ಯಾರಿಗೆ ಬೇಕಾದವರು ಅಂತ ಹೇಗೆ ತಿಳಿಯುತ್ತದೆ, ಇದನ್ನೆಲ್ಲ ವರ್ಷವರ್ಷವೂ ಹಲಗೆ ಮೇಲೆ ಬರೆಯುತ್ತೇನೆ. ಅಜ್ಜಿಗೆ ಹನ್ನೊಂದು ದಿನ ಹಿಡಿದೆ, ಅಮ್ಮನಿಗೂ ಹಿಡಿದೆ. ಮುಖವೇ ನೋಡದ ಲೋಕಿಕೆರೆ ಮಾವನಿಗೂ ಮೂರು ದಿನ ಹಿಡಿದೆ. ಚಿಕ್ಕಮ್ಮನಿಗೆ ಒಂದು ಹೊತ್ತಿನ ಊಟವನ್ನೂ ನಾನು ಬಿಟ್ಟಿಲ್ಲ. ಆ ಶುಕ್ರವಾರ ನಮ್ಮ ಮನೆಯಲ್ಲಿ ಹಬ್ಬದ ಅಡುಗೆ. ಹೋಳಿಗೆ ಮಾಡಿದ್ದೆ. ಚೆನ್ನಾಗಿ ಬಂದಿದೆ ಅಂತ ಎಲ್ಲರೂ ಇನ್ನೊಂದು ಕೇಳಿ ಹಾಕಿಸಿಕೊಂಡರು, ನಾನೂ ಎರಡು ತಿಂದೆ.